ಮೂವತ್ತು ಸೈಜ್, ನಲವತ್ತು ಸೈಜ್

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳ ಸಂಜೆ ಆರಕ್ಕೆ ಬಿಸಿಲು ಇಳಿದಿರುತ್ತದೆ, ಸೆಕೆ ಇಳಿದಿರುವುದಿಲ್ಲ. ಹಗಲೆಲ್ಲ ಕಾದ ಕೋಟೆ ಗುಡ್ಡದ ಬಂಡೆ ಆಗ ಊರಿಗೆಲ್ಲ ಶಾಖ ಹಂಚಲು ಶುರು ಮಾಡುತ್ತದೆ. ಅಂಥ ಹೊತ್ತಿನಲ್ಲಿ ಸುಡುಸುಡು ಮಿರ್ಚಿ ತಿನ್ನೋಕೆ ನಾವು ನಾಲ್ಕು ಜನ ರಾಯಲ್ ಸರ್ಕಲ್ ಕಡೆಯ ಮಂಡಕ್ಕಿ ಒಗ್ಗರಣೆ ಅಂಗಡಿಗೆ ಸೇರುತ್ತೇವೆ. ಯಾಕೆ ಅಂತ ಬೇರೆ ಊರಿನವರು ಕೇಳಬಾರದು.

ಅವತ್ತು ಐದನೆಯವನೊಬ್ಬ ಇದ್ದ. ನಮ್ಮ ಸ್ಟುಡಿಯೋ ಗೆಳೆಯನ ಅಕ್ಕನ ಮಗ, ಇಂಜಿನಿಯರಿಂಗ್ ಎರಡನೇ ವರ್ಷ. ಬೆಂಚಿನ ಮೇಲೆ ಕೂರುವ ಮೊದಲೇ ಬಾಯಿ ತೆಗೆದ.

"ಮಾಮ, ನಿನ್ನ ಕಂಪ್ಯೂಟರಿನ 3060 ಗ್ರಾಫಿಕ್ಸ್ ಕಾರ್ಡನ್ನ ಗುಜರಿಗೆ ಹಾಕು. ಅದೇ ಕಾರಿನ ಆಟ ನನ್ನ 4060ರಲ್ಲಿ ನಾಲ್ಕು ಪಟ್ಟು ಜೋರಾಗಿ ಓಡುತ್ತದೆ."

ಸ್ಟುಡಿಯೋದವನಿಗೆ ಮಿರ್ಚಿ ಗಂಟಲಲ್ಲಿ ಸಿಕ್ಕಿಕೊಂಡಿತು. ಪರದೆಯ ಮೇಲೆ ಚಿತ್ರ ಮೂಡಿಸುವ ಆ ಕಾರ್ಡನ್ನ ಅವನು ಮದುವೆ ವಿಡಿಯೋ ಎಡಿಟಿಂಗ್ ಮಾಡೋಕೆ ಅಂತ ಸಾಲ ಮಾಡಿ ತಂದಿದ್ದ. "ನಾಲ್ಕು ಪಟ್ಟು ಅಂತೆ! ಎರಡೂ ಹೆಚ್ಚುಕಮ್ಮಿ ಒಂದೇ ಕಣೋ. ಸೋತವರು ಇವತ್ತಿನ ಬಿಲ್ ಕೊಡಬೇಕು, ಆಗಬಹುದಾ?"

"ಇದರಲ್ಲಿ ಪಂದ್ಯ ಕಟ್ಟೋಕೆ ಏನಿದೆ?" ಅಂದ ಜೀನ್ಸ್ ಅಣ್ಣ. ಅವನದು ಇಪ್ಪತ್ತು ಮಷೀನಿನ ಜೀನ್ಸ್ ಯೂನಿಟ್. ಜಗತ್ತನ್ನೆಲ್ಲ ಸೊಂಟದ ಅಳತೆಯಲ್ಲೇ ನೋಡುತ್ತಾನೆ. "ಮೂವತ್ತು ಸೈಜಿಗಿಂತ ನಲವತ್ತು ಸೈಜ್ ದೊಡ್ಡದು. ಮುಗೀತು."

ಹುಡುಗ ತಲೆ ಚಚ್ಚಿಕೊಂಡ. "ಅದು ಸೈಜ್ ಅಲ್ಲ ಅಂಕಲ್. 30, 40 ಅಂದರೆ ತಲೆಮಾರು. 3060 ಬಂದಿದ್ದು 2021ರಲ್ಲಿ, 4060 ಬಂದಿದ್ದು 2023ರಲ್ಲಿ. ಕೊನೆಯ 60 ಅಂದರೆ ದರ್ಜೆ. ಅದು ಎರಡಕ್ಕೂ ಒಂದೇ."

"ಹಂಗಾದರೆ ಒಳಗೆ ಕೆಲಸದವರು ಎಷ್ಟು ಜನ?"

ಹುಡುಗ ಇಲ್ಲಿ ಸ್ವಲ್ಪ ತಡವರಿಸಿದ. "3060ರಲ್ಲಿ 3584 ಕೋರ್. 4060ರಲ್ಲಿ 3072."

"ಹೊಸದರಲ್ಲಿ ಐನೂರು ಜನ ಟೈಲರ್ ಕಮ್ಮಿನಾ! ಮತ್ತೆ ನಾಲ್ಕು ಪಟ್ಟು ಹೊಲಿಯೋದು ಯಾರು, ನಿಮ್ಮಪ್ಪನಾ?"

"ಅಂಕಲ್, ಜನ ಕಮ್ಮಿ, ಮೋಟರ್ ಜೋರು. ಕಂಪನಿ ಲೆಕ್ಕದಲ್ಲಿ ಹಳೇದು 1.78 ಗಿಗಾಹರ್ಟ್ಸ್ ತನಕ ತಿರುಗುತ್ತದೆ. ಹೊಸದು 2.46ರ ತನಕ. ನೀವೂ ಕಾಲಲ್ಲಿ ತುಳಿಯೋ ಮಷೀನ್ ತೆಗೆದು ಕರೆಂಟಿನ ಜುಕಿ ಮಷೀನ್ ಹಾಕಿದಾಗ ನಾಲ್ಕು ಜನ ಕಮ್ಮಿ ಮಾಡಲಿಲ್ವಾ?"

ಜೀನ್ಸ್ ಅಣ್ಣ ಸುಮ್ಮನಾದ. ಆ ನಾಲ್ಕು ಜನರ ವಿಷಯ ಅವನಿಗೆ ಇನ್ನೂ ನೋವು. ಅದರಲ್ಲಿ ಒಬ್ಬ ಅವನ ಭಾಮೈದ.

ಈಗ ಸ್ಟುಡಿಯೋದವನಿಗೆ ಜೀವ ಬಂತು. "ಮೆಮೊರಿ ಹೇಳು, ಮೆಮೊರಿ! ನನ್ನದು 12 ಜಿಬಿ, ನಿನ್ನದು 8. ಆ ಮೆಮೊರಿಗೆ ಹೋಗೋ ದಾರಿ ನನ್ನದು 192 ಬಿಟ್, ನಿನ್ನದು 128. ಸೆಕೆಂಡಿಗೆ ನನಗೆ 360 ಜಿಬಿ ಹರಿಯುತ್ತದೆ, ನಿನಗೆ 272."

ಹರಿಯುತ್ತದೆ ಅಂದ ಕೂಡಲೇ ನಮ್ಮ ಗುಂಪಿನ ಮೇಷ್ಟ್ರು ಕಣ್ಣು ಬಿಟ್ಟರು. ಅವರದು ಸಿರುಗುಪ್ಪದ ಕಡೆ ಭತ್ತದ ಗದ್ದೆ. ಕಾಲುವೆ ವಿಷಯ ಬಂದರೆ ನಿದ್ದೆಯಲ್ಲೂ ಎದ್ದು ಕೂರುತ್ತಾರೆ. "ಅಂದರೆ ಕಾಲುವೆ ಸಣ್ಣದು ಮಾಡಿದ್ದಾರೆ. ಮೋಸ ಇದು. ಟಿಬಿ ಡ್ಯಾಮಲ್ಲಿ ಎಷ್ಟೇ ನೀರಿರಲಿ, ನನ್ನ ಗದ್ದೆಗೆ ಬರೋದು ಕಾಲುವೆ ಅಗಲ ಇದ್ದಷ್ಟೇ ತಾನೆ?"

"ಸರ್, ಕಾಲುವೆ ಸಣ್ಣದು ಮಾಡಿ ಗದ್ದೆಯಲ್ಲೇ ಕೃಷಿ ಹೊಂಡ ತೋಡಿದ್ದಾರೆ. ಎಲ್2 ಕ್ಯಾಶ್ ಅಂತ, ಚಿಪ್ಪಿನೊಳಗೇ ಇರೋ ಪುಟ್ಟ ಮೆಮೊರಿ. ಹಳೇದರಲ್ಲಿ 3 ಎಂಬಿ, ಹೊಸದರಲ್ಲಿ 24. ಪದೇ ಪದೇ ಬೇಕಾಗೋದು ಹೊಂಡದಲ್ಲೇ ಇರುತ್ತದೆ. ಕಾಲುವೆ ತನಕ ಹೋಗೋದೇ ಕಮ್ಮಿ."

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಹೊಂಡ ಒಳ್ಳೇದೇ. ಸಣ್ಣ ಗದ್ದೆಗೆ ಸಾಕು. ಇಪ್ಪತ್ತು ಎಕರೆಗೆ ನೀರು ಹಾಯಿಸು ಅಂದರೆ ಮಧ್ಯಾಹ್ನಕ್ಕೆ ಹೊಂಡ ಖಾಲಿ. ಆಮೇಲೆ ಅದೇ ಸಣ್ಣ ಕಾಲುವೆಯೇ ಗತಿ."

ನನಗೆ ಕೇಳಿದರೆ ಅವತ್ತಿನ ಮಾತಲ್ಲೆಲ್ಲ ತೂಕದ ಮಾತು ಇದೇ. ಪರದೆ ಫುಲ್ ಎಚ್‌ಡಿ ಇದ್ದಾಗ 4060 ಮುಂದೆ ಇರುತ್ತದೆ. ಪರದೆ ದೊಡ್ಡದಾದಷ್ಟೂ ಆ ಮುನ್ನಡೆ ಕರಗುತ್ತದೆ. ಕಂಪ್ಯೂಟರಿನ ಗಾಳಿ ತಿಳಿಯದ ಮೇಷ್ಟ್ರು ಇದನ್ನು ಗದ್ದೆಯ ಬದುವಿನ ಮೇಲಿಂದಲೇ ಕಂಡುಹಿಡಿದಿದ್ದರು.

12 ಜಿಬಿ ಯಾಕೆ ಬೇಕು ಅಂತ ಜೀನ್ಸ್ ಅಣ್ಣ ಕೇಳಿದ. ಸ್ಟುಡಿಯೋದವನು ಅವನ ಭಾಷೆಯಲ್ಲೇ ಹೇಳಿದ. "ಅದು ಕಟಿಂಗ್ ಟೇಬಲ್ ಇದ್ದಂಗೆ. 4ಕೆ ವಿಡಿಯೋಗೆ ನಾಲ್ಕು ಎಫೆಕ್ಟ್ ಹಾಕಿದರೆ 8 ಜಿಬಿ ಟೇಬಲ್ ತುಂಬಿಹೋಗುತ್ತದೆ. ಉಳಿದ ಬಟ್ಟೆ ಪಕ್ಕದ ಅಂಗಡಿ ಕಟ್ಟೆ ಮೇಲೆ ಇಟ್ಟು, ಓಡಿಹೋಗಿ ತಂದು, ಕತ್ತರಿಸಿ, ಮತ್ತೆ ಓಡಬೇಕು. ಟೈಲರ್ ಎಷ್ಟು ಜೋರಿದ್ದರೇನು?"

ಹುಡುಗ ಕೊನೆಯ ಬಾಣ ಬಿಟ್ಟ. "ನನ್ನ ಕಾರ್ಡಲ್ಲಿ ಕಂಪನಿಯದೇ ಫ್ರೇಮ್ ಜನರೇಶನ್ ಇದೆ, ನಿನ್ನದರಲ್ಲಿ ಇಲ್ಲ. ಎರಡು ಚಿತ್ರದ ನಡುವೆ ಇನ್ನೊಂದು ಚಿತ್ರ ಅದೇ ಊಹಿಸಿ ಸೇರಿಸುತ್ತದೆ. ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಲೆಕ್ಕ ಎಲ್ಲಿಗೋ ಹೋಗುತ್ತದೆ."

"ಊಹಿಸಿ?" ಜೀನ್ಸ್ ಅಣ್ಣನ ದನಿ ಏರಿತು. "ಎರಡು ಹೊಲಿಗೆ ನಡುವೆ ಹಳದಿ ಪೆನ್ನಲ್ಲಿ ಗೆರೆ ಎಳೆದು ಅದನ್ನೂ ಹೊಲಿಗೆ ಅಂತ ಎಣಿಸ್ತೀಯಾ? ಅಂಥ ಮಾಲು ಕಳಿಸಿದರೆ ಪಾರ್ಟಿ ಲಾರಿ ಸಮೇತ ವಾಪಸ್ ಕಳಿಸುತ್ತಾನೆ!"

"ನೋಡೋಕೆ ನುಣುಪಾಗಿ ಇರುತ್ತದೆ ಅಂಕಲ್."

"ಕೈಗೆ?"

"ಕೈಗೆ... ಅಷ್ಟೇನೂ ಗೊತ್ತಾಗಲ್ಲ." ಗುಂಡಿ ಒತ್ತಿದ್ದಕ್ಕೆ ಆ ಊಹೆಯ ಚಿತ್ರ ಉತ್ತರ ಕೊಡುವುದಿಲ್ಲ ಅಂತ ಒಪ್ಪಿಕೊಂಡ. ಹುಡುಗ ಪ್ರಾಮಾಣಿಕ, ಇಂಜಿನಿಯರಿಂಗ್ ಇನ್ನೂ ಮುಗಿದಿಲ್ಲ.

ಕರೆಂಟಿನ ಲೆಕ್ಕದಲ್ಲಿ ಮಾತ್ರ ಅವನು ಗೆದ್ದ. 3060 ತಿನ್ನುವುದು 170 ವ್ಯಾಟ್, 4060 ತಿನ್ನುವುದು 115. ದಿನಕ್ಕೆ ಎಂಟು ತಾಸು ಪೂರ್ತಿ ದುಡಿಸಿದರೆ ತಿಂಗಳಿಗೆ 13 ಯೂನಿಟ್ ಉಳಿತಾಯ. "ಕುಡತಿನಿಯಲ್ಲಿ 1700 ಮೆಗಾವ್ಯಾಟ್ ಸ್ಥಾವರ ಇರೋ ಊರಲ್ಲಿ 55 ವ್ಯಾಟಿಗೆ ಅಳ್ತೀಯಾ?" ಅಂದ ಜೀನ್ಸ್ ಅಣ್ಣ. ಅಷ್ಟರಲ್ಲಿ ಸ್ಟುಡಿಯೋದವನೇ ಬಾಯಿ ಬಿಟ್ಟ. ಮೇ ತಿಂಗಳಲ್ಲಿ ಆ ಕೋಣೆಯಲ್ಲಿ ಬನಿಯನ್ ಹಾಕಿಕೊಂಡು ಎಡಿಟ್ ಮಾಡುತ್ತಾನಂತೆ. ಕಾರ್ಡ್ ತಿಂದ ಅಷ್ಟೂ ವ್ಯಾಟು ಕೊನೆಗೆ ಅವನ ಬೆವರೇ.

ಮಾತು ಬಗೆಹರಿಯಲಿಲ್ಲ. ಹುಡುಗ ಮನೆಗೆ ಓಡಿಹೋಗಿ ಆಟ ಇದ್ದ ಡಿಸ್ಕ್ ತಂದ. ಎಲ್ಲರೂ ಸ್ಟುಡಿಯೋಕ್ಕೆ ನಡೆದೆವು. ಆಟ ಹಚ್ಚಿದರೆ ನಿಜಕ್ಕೂ ಕಾರು ಕುಂಟುತ್ತಿತ್ತು. ಎತ್ತಿನ ಗಾಡಿಯೇ ವಾಸಿ. ಸ್ಟುಡಿಯೋದವನ ಮುಖ ಸಣ್ಣದಾಯಿತು. ಹುಡುಗ ಅನುಮಾನದಿಂದ ಕಂಪ್ಯೂಟರಿನ ಹಿಂದೆ ತಲೆ ತೂರಿಸಿದ. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಮಾಮ, ಮಾನಿಟರ್ ವೈರ್ ಯಾರು ಹಾಕಿದ್ದು?"

"ನಾನೇ. ಯಾಕೆ?"

"ಇದು ಕಾರ್ಡಿಗೆ ಹಾಕಿಲ್ಲ. ಕಂಪ್ಯೂಟರಿನ ಮುಖ್ಯ ಹಲಗೆಗೆ, ಮದರ್‌ಬೋರ್ಡಿಗೆ ಹಾಕಿದ್ದೀಯ."

ಎರಡು ವರ್ಷ! ಎಡಿಟಿಂಗ್ ಸಾಫ್ಟ್‌ವೇರ್ ಲೆಕ್ಕದ ಕೆಲಸವನ್ನು ಹೇಗೋ ಕಾರ್ಡಿನಿಂದ ಮಾಡಿಸಿಕೊಳ್ಳುತ್ತಿತ್ತು. ಅದಕ್ಕೇ ಇವನಿಗೆ ಗೊತ್ತಾಗಿರಲಿಲ್ಲ. ಆಟ ಮಾತ್ರ ಪ್ರೊಸೆಸರಿನೊಳಗಿನ ಬಡಪಾಯಿ ಗ್ರಾಫಿಕ್ಸ್ ಮೇಲೆ ತೆವಳುತ್ತಿತ್ತು. "ಜುಕಿ ಮಷೀನ್ ತಂದು ಮೂಲೆಯಲ್ಲಿಟ್ಟು ಸೂಜಿ-ದಾರದಲ್ಲಿ ಹೊಲಿದಂಗೆ," ಅಂದ ಜೀನ್ಸ್ ಅಣ್ಣ.

ವೈರ್ ಬದಲಿಸಿದ ಮೇಲೆ ಕಾರು ಹಾರಿತು. ಹುಡುಗನ 4060 ಮುಂದಿತ್ತು, ನಿಜ. ನೂರಕ್ಕೆ ಹದಿನೈದು-ಇಪ್ಪತ್ತರಷ್ಟು, ಅದಕ್ಕಿಂತ ಜಾಸ್ತಿ ಇಲ್ಲ. ನಾಲ್ಕು ಪಟ್ಟೂ ಅಲ್ಲ, ಒಂದೇ ಸಮವೂ ಅಲ್ಲ. ಪಂದ್ಯ ಇಬ್ಬರೂ ಸೋತರು. ಬಿಲ್ ಮೇಷ್ಟ್ರು ಕೊಟ್ಟರು. ಅವರೊಬ್ಬರ ಹತ್ತಿರ ಮಾತ್ರ ಚಿಲ್ಲರೆ ಇತ್ತು.

ಈ ವಿಷಯ ಹೊರಗೆ ಬಿಡಬಾರದು ಅಂತ ಸ್ಟುಡಿಯೋದವನು ಎಲ್ಲರ ಕೈಯಲ್ಲೂ ಆಣೆ ಮಾಡಿಸಿಕೊಂಡ. ಮರುದಿನ ಸಂಜೆ ಅಂಗಡಿಯವನು ಒಗ್ಗರಣೆ ಪ್ಲೇಟನ್ನು ಅವನ ಮುಂದೆ ಇಟ್ಟ. ತೆಗೆದ. ಇನ್ನೊಂದು ಕಡೆ ಇಟ್ಟ. ಆಮೇಲೆ ಬಲು ವಿನಯದಿಂದ ಕೇಳಿದ:

"ಅಣ್ಣ, ಇದು ಸರಿಯಾದ ಜಾಗ ತಾನೆ?"