ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಹೋದರೆ ಹಳೆಯ ಲಿಂಕುಗಳ ಗತಿ ಏನು?

ಪ್ರಶ್ನೆ (ಶಿರಸಿ): ನಮಸ್ಕಾರ. 2009ರಿಂದ ಬ್ಲಾಗರ್‌ನಲ್ಲಿ ನಮ್ಮ ಕಡೆಯ ಅಡುಗೆ ಬರೆಯುತ್ತಿದ್ದೇನೆ. ತಂಬುಳಿ, ಅಪ್ಪೆಹುಳಿ, ತೊಡದೇವು, ಪತ್ರೊಡೆ ಎಲ್ಲ ಸೇರಿ 300 ಚಿಲ್ಲರೆ ಬರಹ. ವಿಳಾಸ ಬ್ಲಾಗರ್ ಪುಕ್ಕಟೆ ಕೊಟ್ಟ ಬ್ಲಾಗ್‌ಸ್ಪಾಟ್‌ನದೇ. ಮಗ ವರ್ಡ್‌ಪ್ರೆಸ್‌ಗೆ ಹೋಗು ಅನ್ನುತ್ತಾನೆ. ಫೋಟೋ, ಕಾಮೆಂಟು ಎಲ್ಲ ಬರುತ್ತವೆಯೇ? ಬೆಂಗಳೂರು ಸೇರಿದ ನೆಂಟರು ಹಳೆಯ ಲಿಂಕನ್ನೇ ವಾಟ್ಸಾಪಿನಲ್ಲಿ ಕಳಿಸುತ್ತಿರುತ್ತಾರೆ. ಎಲ್ಲ ಸಾಗಿಸಿದ ಮೇಲೆ ಹಳೆಯದನ್ನು ಡಿಲೀಟ್ ಮಾಡೋಣ ಅಂತಿದ್ದೇನೆ.

ಉತ್ತರ (ಕುಮಟಾ, ವೆಬ್‌ಸೈಟ್ ಕೆಲಸ): ಅಕ್ಕಾ, ಡಿಲೀಟ್ ಒಂದು ಮಾಡಬೇಡಿ. ಬ್ಲಾಗರ್ ಕೊಡುವ ಬ್ಯಾಕಪ್ ಫೈಲಿನಲ್ಲಿ ಬರಹ, ಕಾಮೆಂಟು, ಲೇಬಲ್ಲು ಇರುತ್ತವೆ, ಫೋಟೋ ಇರುವುದಿಲ್ಲ. ಫೋಟೋದ ಜಾಗದಲ್ಲಿ ಗೂಗಲ್ ಸರ್ವರಿನ ವಿಳಾಸ ಮಾತ್ರ. ವರ್ಡ್‌ಪ್ರೆಸ್‌ಗೆ ಹಾಕಿದ ದಿನ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಫೋಟೋ ಇನ್ನೂ ಅಲ್ಲಿಂದಲೇ ಬರುತ್ತಿರುತ್ತದೆ. ಸಾಗಿಸಿ ಆಯ್ತು ಅಂತ ಹಳೆಯದನ್ನು ಅಳಿಸಿ, ಆಮೇಲೆ ಫೋಟೋ ಕಾಣುತ್ತಿಲ್ಲ ಅಂತ ಫೋನ್ ಮಾಡುವವರು ನನಗೆ ಬೇಕಷ್ಟು ಸಿಕ್ಕಿದ್ದಾರೆ. ಹೊರಗಿನ ಚಿತ್ರಗಳನ್ನು ನಿಮ್ಮ ಸರ್ವರಿಗೆ ಎಳೆದುಕೊಳ್ಳುವ ಪ್ಲಗಿನ್‌ಗಳು (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶಗಳು) ಇವೆ, ಅದನ್ನು ಓಡಿಸಿ. ಹಳೆಯ ಫೋಟೋದ ವಿಳಾಸದಲ್ಲಿ ಎಸ್320 ಅಂತ ಇದ್ದರೆ ಅದು ಸಣ್ಣ ಪ್ರತಿ. ಎಸ್1600 ಎಂದು ತಿದ್ದಿದರೆ ದೊಡ್ಡದು ಸಿಗುತ್ತದೆ.

ಈಗ ಲಿಂಕಿನ ಮಾತು. ನಿಜವಾದ ತಲೆನೋವು ಇದೇ. ಬ್ಲಾಗ್‌ಸ್ಪಾಟ್ ಹೆಸರು ಗೂಗಲ್‌ನದು, ನಮ್ಮದಲ್ಲ. ಅಲ್ಲಿಗೆ ಬಂದವರನ್ನು ಬೇರೆ ಸೈಟಿಗೆ ನೇರ ಕಳಿಸುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿಲ್ಲ. ಅಲ್ಲಿರುವ ರೀಡೈರೆಕ್ಟು ಅದೇ ಬ್ಲಾಗಿನ ಒಳಗೆ ಮಾತ್ರ ನಡೆಯುತ್ತದೆ. ಅದಕ್ಕೇ ಮೊದಲು ಸ್ವಂತ ಡೊಮೇನ್, ಅಂದರೆ ನಿಮ್ಮದೇ ಹೆಸರಿನ ವೆಬ್ ವಿಳಾಸ, ಕೊಂಡು ಬ್ಲಾಗರ್‌ಗೇ ಜೋಡಿಸಿ. ಆಗ ಹಳೆಯ ಲಿಂಕುಗಳೆಲ್ಲ ತಾವಾಗಿಯೇ ಹೊಸ ಹೆಸರಿಗೆ ತಿರುಗುತ್ತವೆ. ಒಂದು ಮಳೆಗಾಲ ಹಾಗೇ ಬಿಡಿ, ಗೂಗಲ್ ಹುಡುಕಾಟಕ್ಕೂ ಹೊಸ ಹೆಸರು ರೂಢಿಯಾಗಲಿ. ಆಮೇಲೆ ವರ್ಡ್‌ಪ್ರೆಸ್ ಸಿದ್ಧಮಾಡಿ ಡೊಮೇನನ್ನು ಅತ್ತ ತಿರುಗಿಸಿ. ಬ್ಲಾಗರ್‌ನಲ್ಲಿ ಆ ಡೊಮೇನ್ ಸೆಟ್ಟಿಂಗ್ ಹಾಗೆಯೇ ಇರಲಿ. ಬ್ಲಾಗ್‌ಸ್ಪಾಟ್ ಲಿಂಕಿನಿಂದ ಬಂದವರಿಗೆ ‘ಬೇರೆಡೆ ಹೋಗುತ್ತಿದ್ದೀರಿ’ ಅನ್ನುವ ಪುಟವೊಂದು ನಡುವೆ ಅಡ್ಡ ಬಂದೀತು. ಒಂದು ಕ್ಲಿಕ್ ಹೆಚ್ಚು, ಅಷ್ಟೆ.

ಇನ್ನೊಂದು ನಮ್ಮಂಥ ಕನ್ನಡದವರಿಗೆ ಬರುವ ಗೋಳು. ನಿಮ್ಮ ಹಳೆಯ ಲಿಂಕುಗಳ ಕೊನೆ ನೋಡಿ, ಬ್ಲಾಗ್-ಪೋಸ್ಟ್_17 ಅಂತ ಇರಬೇಕು. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಹಾಗೇ ಹೆಸರಿಡುವುದು. ವರ್ಡ್‌ಪ್ರೆಸ್ ಕನ್ನಡವನ್ನೇ ವಿಳಾಸಕ್ಕೆ ಹಾಕುತ್ತದೆ, ಆದರೆ ಒಳಗೆ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಯೂ 9 ಇಂಗ್ಲಿಷ್ ಅಕ್ಷರದ ಜಾಗ ನುಂಗುತ್ತದೆ, ಮಿತಿ ಇರುವುದು 200. ‘ಮಳೆಗಾಲದಲ್ಲಿ ಅಜ್ಜಿ ಮಾಡುತ್ತಿದ್ದ ಕೊಟ್ಟೆ ಕಡುಬು’ ಅಂತ ಶೀರ್ಷಿಕೆ ಕೊಟ್ಟರೆ ‘ಮಾಡು’ ದಾಟುವಷ್ಟರಲ್ಲಿ ತುಂಡಾಗಿರುತ್ತದೆ, ಕಡುಬು ಒಲೆಯ ಮೇಲೇ ಉಳಿಯಿತು! ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಬರೆಯಿರಿ. ಹಳೆಯ ಬರಹಗಳಿಗೆ ಮಾತ್ರ ಬ್ಲಾಗರ್ ಇಟ್ಟ ಹೆಸರನ್ನೇ ಉಳಿಸಿ. ವರ್ಷ, ತಿಂಗಳು, ಹೆಸರು, ಕೊನೆಗೆ ಡಾಟ್ ಎಚ್‌ಟಿಎಂಎಲ್, ಇದೇ ಕ್ರಮವನ್ನು ವರ್ಡ್‌ಪ್ರೆಸ್‌ನ ಪರ್ಮಾಲಿಂಕ್ (ಬರಹದ ವಿಳಾಸದ ರೂಪ) ಸೆಟ್ಟಿಂಗಿನಲ್ಲೂ ಕೊಡಿ.

ಪ್ರಶ್ನೆ (ಅಂಕೋಲಾ): ಮಧ್ಯೆ ಬಾಯಿ ಹಾಕಿದೆ, ತಪ್ಪು ತಿಳಿಯಬೇಡಿ. ನನ್ನ ಯಕ್ಷಗಾನದ ಲೇಖನಗಳು ಹಳೆಯ ನುಡಿ ಫಾಂಟಿನಲ್ಲಿವೆ. ಹಾಗೇ ಸಾಗಿಸಬಹುದೇ?

ಉತ್ತರ (ಕುಮಟಾ): ಬೇಡ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ. ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ಓದಿ, ಆಮೇಲೆ ಸಾಗಿಸಿ.

ಪ್ರಶ್ನೆ (ಶಿರಸಿ): ತಮ್ಮಾ, ಇಷ್ಟೆಲ್ಲ ಮಾಡಿ ಹೋಗಲೇಬೇಕಾ?

ಉತ್ತರ (ಕುಮಟಾ): ನಿಜ ಹೇಳಲಾ? ಬರೆಯುವುದಷ್ಟೇ ನಿಮ್ಮ ಕೆಲಸವಾದರೆ ಬೇಡ. ವರ್ಡ್‌ಪ್ರೆಸ್‌ನಲ್ಲಿ ವರ್ಷ ವರ್ಷ ಹೋಸ್ಟಿಂಗ್ ದುಡ್ಡು (ಸೈಟು ಇಡುವ ಸರ್ವರಿನ ಬಾಡಿಗೆ), ಪ್ಲಗಿನ್ ಅಪ್‌ಡೇಟು, ಬ್ಯಾಕಪ್ಪು ಎಲ್ಲ ನಿಮ್ಮ ತಲೆಗೇ. ಉಪ್ಪಿನಕಾಯಿ ಮಾರಾಟಕ್ಕೆ ಇಡುವ ಯೋಚನೆ ಇದ್ದರೆ ಮಾತು ಬೇರೆ. ಡೊಮೇನ್ ಮಾತ್ರ ಈ ವಾರವೇ ಕೊಳ್ಳಿ, ಮಗನ ಹೆಸರಿನಲ್ಲಲ್ಲ, ನಿಮ್ಮ ಹೆಸರಿನಲ್ಲೇ.

ಪ್ರಶ್ನೆ (ಶಿರಸಿ): ಮಿಡಿ ಉಪ್ಪಿನಕಾಯಿ ವಿಷಯ ನಿಂಗೆ ಯಾರು ಹೇಳಿದರೋ!