ಲಂಡನ್‌ನ ಹಳೇ ವಾಟರ್‌ವರ್ಕ್ಸ್ ನೋಡೋಕೆ ಅಪ್ಪನ್ನ ಕರ್ಕೊಂಡು ಹೋಗಬಹುದಾ?

ಕಾಳಿದಂಡೆ:
ಎಲ್ರಿಗೂ ನಮಸ್ಕಾರ, ಮೇ ತಿಂಗಳಲ್ಲಿ ಅಪ್ಪ, ಆಯಿನ್ನ ಕರ್ಕೊಂಡು ಲಂಡನ್‌ಗೆ ತಂಗಿ ಮನೆಗೆ ಹೊರಟಿದ್ದೀನಿ. ಅಪ್ಪ ಮೂವತ್ತು ವರ್ಷ ಕಾರವಾರದ ಕಡೆ ನೀರಿನ ಪಂಪ್‌ಹೌಸಲ್ಲಿ ಆಪರೇಟರ್ ಆಗಿದ್ದವ್ರು, ಈಗ್ಲೂ ದಾರೀಲಿ ಯಾರ ಮನೆ ಬಾವಿ ಮೋಟಾರ್ ಶಬ್ದ ಕೇಳಿದ್ರೂ ನಿಂತ್ಕೊಂಡು "ಬೇರಿಂಗ್ ಹೋಗದೆ" ಅಂತಾರೆ. ಅರಮನೆ ಗಿರಮನೆ ಎಲ್ಲ ಬೇಡ ಅಂತೆ. ವಾಲ್ತಮ್‌ಸ್ಟೋದಲ್ಲಿ ಹಳೇ ಇಂಜಿನ್ ಹೌಸ್, ಕೆರೆ, ಹಕ್ಕಿ ಎಲ್ಲ ಒಂದೇ ಕಡೆ ಇದೆ ಅಂತ ತಂಗಿ ಹೇಳ್ತಾಳೆ. ಅಪ್ಪಂಗೆ ಮಂಡಿ ನೋವಿದೆ. ಹೋಗ್ಬಂದವ್ರು ಇದ್ರೆ ಹೇಳಿ.

ಶಿರಸಿಮಾಣಿ:
ನಾ ಹೋಗಿದ್ದೆ. ಜಾಗ ಚಂದ, ಟಿಕೆಟ್ ಇಲ್ಲ, ಟಾಟನ್‌ಹ್ಯಾಮ್ ಹೇಲ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ಹತ್ತು ಜಲಾಶಯ, 211 ಹೆಕ್ಟೇರ್, 2017ರಲ್ಲಿ ಜನರಿಗೆ ತೆರೆದದ್ದು, ಅಲ್ಲಿಂದ ಈಗ್ಲೂ ಲಂಡನ್‌ಗೆ ಕುಡಿಯೋ ನೀರು ಹೋಗ್ತದೆ. ಆದ್ರೆ ಮಾರಾಯ, 1894ರ ಇಂಜಿನ್ ಹೌಸ್ ಒಳಗೆ ಇಂಜಿನ್ನೇ ಇಲ್ಲ!! ಕೆಫೆ ಇದೆ. ಹಳೇ ಚಿಮಣಿ ಇದ್ದಲ್ಲಿ ಹೊಸ ಗೋಪುರ ಕಟ್ಟಿ ಬಾನಾಡಿ ಹಕ್ಕಿಗಳಿಗೆ 54 ಗೂಡು ಮಾಡಿಟ್ಟಿದ್ದಾರೆ. ನಿಮ್ಮಪ್ಪ ಬಾಗ್ಲಲ್ಲೇ "ಮಷಿನ್ ಎಲ್ಲಿ" ಅಂತ ಕೇಳಿದ್ರೆ ಕಾಫಿ ಕುಡಿಸಿ ಸಮಾಧಾನ ಮಾಡ್ಬೇಕಷ್ಟೆ.

ಹೊನ್ನಾವರದವ:
ಮಷಿನ್ ಬೇಕಾದ್ರೆ ಕೆಂಪ್ಟನ್‌ನ ಹಳೇ ಪಂಪ್‌ಹೌಸಿಗೆ ಕರ್ಕೊಂಡು ಹೋಗಿ, ಲಂಡನ್ನಿನ ವಾಟರ್ಲೂ ಸ್ಟೇಷನ್ನಿಂದ ಟ್ರೇನು. ಅಲ್ಲಿ ಎರಡು ಸ್ಟೀಮ್ ಇಂಜಿನ್, ಒಂದೊಂದು 62 ಅಡಿ ಎತ್ತರ, ಸಾವಿರ ಟನ್ ತೂಕ, 1929ರಿಂದ 1980ರವರೆಗೆ ಲಂಡನ್‌ಗೆ ನೀರೆತ್ತಿದವು. ಒಂದನ್ನ ರಿಪೇರಿ ಮಾಡಿ ಈಗ್ಲೂ ಓಡಿಸ್ತಾರೆ. ಟ್ರಿಪಲ್ ಎಕ್ಸ್‌ಪ್ಯಾನ್ಷನ್ ಅಂತಾರೆ ಅದಕ್ಕೆ, ಅಂದ್ರೆ ನಮ್ಮ ಆಲೆಮನೇಲಿ ಒಮ್ಮೆ ಹಿಂಡಿದ ಕಬ್ಬನ್ನ ಮತ್ತೆ ಗಾಣಕ್ಕೆ ಕೊಡ್ತೀವಲ್ಲ, ಹಂಗೆ ಅದೇ ಹಬೇನ ಒಂದಾದ ಮೇಲೊಂದು ಮೂರು ಸಿಲಿಂಡರಿಗೆ ಕೊಟ್ಟು ಮೂರು ಸಲ ಕೆಲಸ ತೆಗೀತಾರೆ, ಒಂದಕ್ಕಿಂತ ಮುಂದಿಂದು ದೊಡ್ಡದು ಯಾಕಂದ್ರೆ ಹಬೆ ಹಿಗ್ತಾ ಒತ್ತಡ ಕಮ್ಮಿ ಆಗ್ತಾ ಹೋಗ್ತದೆ. ಆದ್ರೆ ಓಡಿಸೋದು ವರ್ಷದಲ್ಲಿ ಕೆಲವೇ ದಿನ, ತಾರೀಖು ನೋಡ್ಕೊಂಡೇ ಹೊರಡಿ. ಮೇಲೆ ಹೋಗೋ ಮೆಟ್ಲು ಕಬ್ಬಿಣದ್ದು, ನಮ್ಮ ಕಾರವಾರದ ಟಾಗೋರ್ ಬೀಚಿನ ಯುದ್ಧನೌಕೆ ಹತ್ತಿದ್ದಾರಾ? ಅದು ಹತ್ತಿ ಇಳಿದವ್ರಿಗೆ ಇದೂ ಆಗ್ತದೆ. ಇಲ್ಲಾಂದ್ರೆ ಕೆಳಗೆ ನಿಂತು ಕ್ರ್ಯಾಂಕ್ ತಿರುಗೋದು ನೋಡಿದ್ರೂ ಸಾಕು.

ಬಾಳೆಗದ್ದೆ:
ಎಲ್ರೂ ಅಪ್ಪನ್ನೇ ಕೇಳ್ತಿದ್ದೀರಿ, ಆಯಿಗೆ ಎಂತ ಬೇಕು ಅಂತ ಯಾರೂ ಕೇಳಲಿಲ್ವಲ್ಲ. ವಾಲ್ತಮ್‌ಸ್ಟೋ ಅವರಿಗೆ ಇರ್ಲಿ, ದಾರಿ ಹೆಚ್ಚುಕಮ್ಮಿ ಸಪಾಟು, ನೀರುಕಾಗೆ, ಬಕ ಬೇಕಾದಷ್ಟು.

ಕಾಳಿದಂಡೆ:
ಥ್ಯಾಂಕ್ಸ್ ಎಲ್ರಿಗೂ, ಎರಡು ದಿನ ಇಟ್ಕೊಂಡ್ವಿ. ಆಯಿಗೆ ಬಕ ನೋಡೋಕೆ ವಿಮಾನ ಯಾಕೆ, ಗದ್ದೇಲೇ ಇದ್ಯಲ್ಲ ಅಂತ ನಗು. ಅಪ್ಪಂಗೆ ಕೆಂಪ್ಟನ್ ಇಂಜಿನ್ ಫೋಟೋ ತೋರಿಸ್ದೆ, ಚಷ್ಮಾ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು, ಆಮೇಲೆ ಕೇಳಿದ್ದು ಒಂದೇ: "ಅಷ್ಟು ಮೇಲೆ ಎಣ್ಣೆ ಬಿಡೋಕೆ ದಿನಕ್ಕೆ ಎಷ್ಟು ಸಲ ಹತ್ತಬೇಕಿತ್ತೇನ ಪಾಪ ಅವ?"