ಸಂಜೆ ಏಳು ಗಂಟೆಯ ಕರೆಂಟ್ ಎಲ್ಲಿಂದ ಬರಬೇಕು?

ಕರೆಂಟ್‌ಕಂಬ:
ಶರಾವತಿ ಪಂಪ್ಡ್ ಸ್ಟೋರೇಜ್ ಬೇಡ ಅನ್ನುವ ಪೋಸ್ಟ್‌ಗಳನ್ನೇ ಒಂದು ವಾರದಿಂದ ನೋಡುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡಿ ಇಟ್ಟುಕೊಳ್ಳುವುದು, ಕರೆಂಟ್ ಬೇಕಾದಾಗ ಅದೇ ನೀರನ್ನು ಸುರಂಗದಲ್ಲಿ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ತೆಗೆಯುವುದು. ಎರಡೂ ಜಲಾಶಯ ಈಗಾಗಲೇ ಇವೆ. ಹೊಸ ಡ್ಯಾಮ್ ಇಲ್ಲ, ಊರು ಮುಳುಗುವುದಿಲ್ಲ. ಮಧ್ಯಾಹ್ನ ಸೋಲಾರ್ ಧಾರಾಳ, ಸಂಜೆ ಏಳಕ್ಕೆ ಸೊನ್ನೆ. ಕಲ್ಲಿದ್ದಲು ಬೇಡ, ಅಣು ಬೇಡ, ಇದೂ ಬೇಡ ಅಂದರೆ ಬುಡ್ಡಿದೀಪ ಹಚ್ಚಿಕೊಂಡು ಕೂರಬೇಕಾ?

ಹೊಳೆದಂಡೆ:
ಕಂಬಣ್ಣಾ, ನಮ್ಮ ಅಜ್ಜನ ಕಾಲದಲ್ಲೂ ನಾಡಿಗೆ ಕರೆಂಟ್ ಬೇಕು ಅಂತಲೇ ಕೇಳಿದ್ದು. ಮೊದಲು ಹಿರೇಭಾಸ್ಕರ ಡ್ಯಾಮ್ ಕಟ್ಟಿದರು, ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂದು ಊರುಗಳ ಜೊತೆ ಆ ಹಳೇ ಡ್ಯಾಮನ್ನೂ ಮುಳುಗಿಸಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದರ ಗೋಡೆ ಎದ್ದು ನಿಲ್ಲುತ್ತದೆ, ಒಮ್ಮೆ ಬಂದು ನೋಡಿ. ಹಿನ್ನೀರಿನ ಆಚೆ ಉಳಿದವರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಲಾಂಚ್ ಕಾದರು. ಕೊನೇ ಲಾಂಚ್ ತಪ್ಪಿತೋ, ಬೆಳಗಿನವರೆಗೆ ಈಚೆ ದಡವೇ ಗತಿ. ಮುಳುಗಡೆಯಾದ ಜಮೀನಿನ ಬದಲಿಗೆ ಸಿಕ್ಕಿದ್ದಕ್ಕೆ ಹಕ್ಕುಪತ್ರ ಸಿಗದೆ ಇನ್ನೂ ಅಲೆಯುವವರಿದ್ದಾರೆ.

ಈಗಿನ ಯೋಜನೆ ಬರುವುದು ಸಿಂಗಳೀಕ ಅನ್ನುವ ಕೋತಿಯ ಅಭಯಾರಣ್ಯದಲ್ಲಿ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ. ರಸ್ತೆ ಅಗಲ ಮಾಡಿ ಎರಡು ಕಡೆಯ ಕೊಂಬೆ ತಾಗದಂತಾದರೆ ಅದರ ಪಾಲಿಗೆ ಕಾಡು ಅಲ್ಲಿಗೇ ತುಂಡು. ಸುರಂಗ ಕೊರೆದ ಕಲ್ಲುಮಣ್ಣನ್ನು ಎಲ್ಲಿ ಸುರಿಯುತ್ತಾರೆ ಅಂತ ಯಾರಾದರೂ ಕೇಳಿದ್ದೀರಾ?

ಬೂದಿಯ ಊರು:
ನಾನು ಒಂದು ಥರ್ಮಲ್ ಪ್ಲಾಂಟ್ ಪಕ್ಕದ ಊರಿನವಳು, ಯಾವುದು ಅಂತ ಬೇಡ. ಅಮ್ಮ ಹಪ್ಪಳ ಒಣಹಾಕಿದರೆ ಮೇಲೆ ಹಳೇ ಪಂಚೆ ಮುಚ್ಚುತ್ತಾಳೆ, ಸಂಜೆ ಆ ಪಂಚೆ ಕೊಡವಿದರೆ ಬೂದಿ ಹಾರುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30-40 ಪಾಲು ಬೂದಿಯೇ ಇರುತ್ತದೆ. ಕರ್ನಾಟಕದಲ್ಲಂತೂ ಕಲ್ಲಿದ್ದಲು ಗಣಿಯೇ ಇಲ್ಲ, ಬೇರೆ ರಾಜ್ಯದಿಂದ ರೈಲಿನಲ್ಲಿ ಹೊತ್ತು ತಂದು ಸುಡುತ್ತೇವೆ. ಶರಾವತಿ ಯೋಜನೆ ನಿಂತ ದಿನ ಎಲ್ಲರೂ ಖುಷಿಪಡಿ, ಬೇಡ ಅನ್ನುವುದಿಲ್ಲ. ಆದರೆ ಆ ಸಂಜೆ ಕರೆಂಟ್ ಬಂದದ್ದು ನಮ್ಮೂರಿಂದ ಅಂತ ನೆನಪಿರಲಿ.

ಕರೆಂಟ್‌ಕಂಬ:
ಇದನ್ನೇ ಹೇಳುತ್ತಿದ್ದೆ ಮೇಡಂ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2014ರ ವರದಿಯಲ್ಲಿ ಗಣಿಯಿಂದ ಹಿಡಿದು ಗುಜರಿಯವರೆಗಿನ ಲೆಕ್ಕ ಇದೆ. ಒಂದು ಯೂನಿಟ್‌ಗೆ ಕಲ್ಲಿದ್ದಲು 820 ಗ್ರಾಂ ಕಾರ್ಬನ್ ಡೈಆಕ್ಸೈಡ್‌ಗೆ ಸಮ, ದೊಡ್ಡ ಸೋಲಾರ್ 48, ಜಲವಿದ್ಯುತ್ 24, ಅಣು 12, ಗಾಳಿ 11.

ಹೊಳೆದಂಡೆ:
ಗ್ರಾಂ ಲೆಕ್ಕದಲ್ಲಿ ಸಿಂಗಳೀಕದ ತೂಕ ಎಷ್ಟು ಬರುತ್ತದೆ ಮಾರಾಯ್ರೆ?

ಸೀಮೆಜಾಲಿ:
ಪಾವಗಡ ಕಡೆಯವನು. ನಮ್ಮಲ್ಲಿ ಕಾಡಿಲ್ಲ, ಹಾಗಾಗಿ ಸೋಲಾರ್ ಪಾರ್ಕ್‌ಗೆ ಯಾರೂ ಜಾಸ್ತಿ ಕೂಗಾಡಲಿಲ್ಲ. ಸುಮಾರು 13,000 ಎಕರೆ, 2050 ಮೆಗಾವ್ಯಾಟ್. ಜಮೀನು ಮಾರಿದ್ದಲ್ಲ, ಗುತ್ತಿಗೆ ಕೊಟ್ಟದ್ದು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದವನಿಗೆ ಅದು ಒಳ್ಳೆಯ ದುಡ್ಡೇ. ಆದರೆ ಜಮೀನು ಇಲ್ಲದವನಿಗೆ ಬಾಡಿಗೆ ಎಲ್ಲಿಂದ ಬರಬೇಕು? ಕಳೆ ಕೀಳುವ ಕೂಲಿ ಹೋಯಿತು, ಕುರಿ ಬಿಡುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಸೋಲಾರ್ ಅಂದರೆ ಪುಕ್ಕಟೆ ಬಿಸಿಲು ಅಂತ ಬೆಂಗಳೂರಿನವರು ಅಂದುಕೊಂಡಿದ್ದಾರೆ. ಅದು ಹರಡಿಕೊಳ್ಳುವ ಜಾಗ ಕಂಡರೆ ಗೊತ್ತಾಗುತ್ತದೆ.

ಫ್ಯೂಸ್ ಹೋದವನು:
ಕೈಗಾ ಅಣು ಸ್ಥಾವರದ ಮಾತು ಯಾರೂ ಎತ್ತಲೇ ಇಲ್ಲವಲ್ಲ? ಅಲ್ಲಿನ ಮೊದಲ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು. ಜಾಗ ಕಡಿಮೆ, ಹೊಗೆ ಇಲ್ಲ.

ಯೂನಿಟ್ ಲೆಕ್ಕ:
ಫ್ಯೂಸ್ ಸರ್, ಅಲ್ಲೇ 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟವೂ ಕುಸಿದಿತ್ತು. ಪುಣ್ಯಕ್ಕೆ ಆಗ ಇನ್ನೂ ಇಂಧನ ತುಂಬಿರಲಿಲ್ಲ. ಅದು ಬಿಡಿ, ಒಂದೇ ಸಮ ಓಡುವುದು ಅದರ ಗುಣ. ಸಂಜೆ ನಾಲ್ಕು ತಾಸು ಮಾತ್ರ ಜಾಸ್ತಿ ಕೊಡು ಅಂದರೆ ಅಣು ಸ್ಥಾವರ ಕೇಳುವುದಿಲ್ಲ. ಕಂಬಣ್ಣ ಕೇಳಿದ್ದು ಆ ಹೊತ್ತಿನ ಪ್ರಶ್ನೆ, ಅಲ್ವಾ?

ಅದಕ್ಕೆ ನನ್ನ ಉತ್ತರ ಇಷ್ಟು. ಪಂಪ್ಡ್ ಸ್ಟೋರೇಜ್ ಕರೆಂಟ್ ಹುಟ್ಟಿಸುವುದಿಲ್ಲ, ಕೂಡಿಡುತ್ತದೆ, ಅದೂ ಸೋರುತ್ತದೆ. 100 ಯೂನಿಟ್ ಹಾಕಿದರೆ ವಾಪಸ್ ಸಿಗುವುದು 75-80. ಕೂಡಿಡುವ ಪಾತ್ರೆ ನಮ್ಮಲ್ಲಿ ಆಗಲೇ ಒಂದಿದೆ. ಲಿಂಗನಮಕ್ಕಿ ನೀರಿನ ಹಳೇ ಶರಾವತಿ ಕೇಂದ್ರ 1035 ಮೆಗಾವ್ಯಾಟ್, ನಿಮಿಷಗಳಲ್ಲಿ ಶುರುವಾಗುತ್ತದೆ. ಬಿಸಿಲಿರುವಾಗ ಅದನ್ನು ನಿಲ್ಲಿಸಿ, ನೀರು ಹಿಡಿದಿಟ್ಟು ಸಂಜೆ ಓಡಿಸಿದರೆ ಅದೇ ಬ್ಯಾಟರಿ. ಒಂದು ಮರವನ್ನೂ ಕಡಿಯಬೇಕಿಲ್ಲ.

ಕರೆಂಟ್‌ಕಂಬ:
ಮಳೆ ಕೈಕೊಟ್ಟರೆ? 2023 ನೆನಪಿದೆಯಾ, ಜಲಾಶಯ ತುಂಬದೆ ಅಕ್ಟೋಬರ್‌ನಲ್ಲೇ ಲೋಡ್ ಶೆಡ್ಡಿಂಗ್. ಪಂಪ್ಡ್ ಸ್ಟೋರೇಜ್‌ಗೆ ಇರುವ ನೀರನ್ನೇ ಮೇಲೆ ಕೆಳಗೆ ಓಡಾಡಿಸಿದರೆ ಸಾಕು, ಹೊಸ ಮಳೆ ಬೇಡ.

ಯೂನಿಟ್ ಲೆಕ್ಕ:
ಅದು ಸರಿಯಾದ ಮಾತು, ಒಪ್ಪಿದೆ. ಹಾಗಾದರೆ ಪಂಪ್ಡ್ ಸ್ಟೋರೇಜ್ ಕಟ್ಟಲಿ, ಆದರೆ ಬೋಳು ಗುಡ್ಡದಲ್ಲಿ ಕಟ್ಟಲಿ. ಆಂಧ್ರದ ಪಿನ್ನಾಪುರಂನಲ್ಲಿ ನದಿಗೆ ಅಡ್ಡ ಕಟ್ಟದೆ ಮಾಡಿದ್ದಾರೆ. ಒಮ್ಮೆ ತುಂಬಿಸಿಕೊಂಡು ಆವಿಯಾದಷ್ಟು ಸೇರಿಸಿದರೆ ನಡೆಯುತ್ತದೆ. ಖರ್ಚು ಜಾಸ್ತಿ ಅಂತೀರಾ? ಇರಬಹುದು. ಶರಾವತಿ ಅಗ್ಗ ಕಾಣುವುದು ಕಾಡಿಗೆ ಬೆಲೆ ಕಟ್ಟದೆ ಇರುವುದಕ್ಕೆ.

ಬೂದಿಯ ಊರು:
ಬೋಳು ಗುಡ್ಡ ಅಂದಿರಾ? ಅಲ್ಲೂ ಕುರಿ ಮೇಯುತ್ತಿರುತ್ತವೆ, ಸೀಮೆಜಾಲಿಯವರನ್ನು ಕೇಳಿ.

ಸೀಮೆಜಾಲಿ:
ಹ್ಹಹ್ಹ, ಸರಿಯಾಗಿ ಹೇಳಿದಿರಿ ಅಕ್ಕಾ. ನನ್ನದು ಸಣ್ಣ ಮಾತು. ಕರೆಂಟ್ ಕೂಡಿಡುವ ಮೊದಲು ಖರ್ಚು ಮಾಡುವ ಹೊತ್ತನ್ನೇ ಬದಲಿಸಬಾರದಾ? ರಾಜ್ಯದ ಕರೆಂಟ್‌ನಲ್ಲಿ ದೊಡ್ಡ ಪಾಲು ನಮ್ಮ ಪಂಪ್‌ಸೆಟ್‌ಗಳಿಗೇ ಹೋಗುತ್ತದೆ. ಅದೆಲ್ಲ ಹಗಲು ಸೋಲಾರ್‌ನಲ್ಲಿ ಓಡಿದರೆ ರಾತ್ರಿಗೆ ಉಳಿಯುವ ಹೊರೆ ಎಷ್ಟು ಕಮ್ಮಿಯಾಗಬಹುದು ನೋಡಿ. ಕೆಲವು ಕಡೆ ಹಗಲು ಕೊಡುತ್ತಿದ್ದಾರೆ. ನಮ್ಮ ಲೈನ್‌ಗೆ ಇನ್ನೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ಬಂದರೆ ಅಪ್ಪ ಎರಡು ಗಂಟೆಗೆ ಎದ್ದು ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೋಲು ಹಿಡಿದು ನೆಲ ಕುಟ್ಟುತ್ತಾ ಹೋಗುತ್ತಾರೆ, ಹಾವು ಸರಿಯಲಿ ಅಂತ.

ಹೊಳೆದಂಡೆ:
ಈ ವಾರ ಯಾವುದು?

ಸೀಮೆಜಾಲಿ:
ರಾತ್ರಿ. ಟಾರ್ಚ್ ಚಾರ್ಜ್‌ಗೆ ಹಾಕಿ ಬಂದೆ.